ಏಳು ಒಂದುಗಳು

ಕನಕಪ್ಪ ಮಾಸ್ತರ ಅಂದು ಸಂಜೆಯೂ ಶಾಲೆಯಿಂದ ಬಂದವನೇ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂತ. ಬಾಣಂತನದಲ್ಲೇ ಕೂಸು ತೀರಿಕೊಂಡ ಮೇಲೆ ಅವನು ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಸಿಟ್ಟಿನಿಂದಲ್ಲ, ಬಾಯಿ ತೆರೆದರೆ ಅಳುವೇ ಬಂದೀತೆಂಬ ಭಯ. ಎಪ್ಪತ್ತೆಂಟರ ಆ ಚಳಿಗಾಲ ಮಾನ್ವಿಯ ಬಾಡಿಗೆ ಮನೆಯಲ್ಲಿ ಕೇಳುತ್ತಿದ್ದದ್ದು ಬಳಪದ ಸದ್ದೊಂದೇ.

ಬಸ್ಸಮ್ಮ ಒಳಗೆ ಒಬ್ಬಳೇ ಇರಲಾರದೆ ಬಂದು ಪಕ್ಕದಲ್ಲಿ ಕೂತಳು. ಪಾಟಿಯ ಮೇಲೆ ಸಾಲಾಗಿ ಏಳು ಒಂದು. ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು. ಕೆಳಗೆ ‘ಅವಿಭಾಜ್ಯವೇ?’ ಎಂದಿತ್ತು. ಕಲ್ಲೂರಿನಲ್ಲಿ ಏಳನೆಯವರೆಗೆ ಓದಿದವಳಿಗೆ ಅಷ್ಟು ನೆನಪಿತ್ತು: ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು. ಹನ್ನೊಂದರವರೆಗೆ ಅವನು ನೋಡಿ ಹೊಡೆದುಹಾಕಿದ್ದ. ಅವಳು ಪಾಟಿಯನ್ನು ತೊಡೆಗೆ ಎಳೆದುಕೊಂಡು ಹದಿಮೂರರಿಂದ ಭಾಗಿಸಿದಳು.

“ಶೇಷ ನಾಕು.”

“ತಪ್ಪು. ಒಂದು ಉಳೀತದ,” ಎಂದ ಕನಕಪ್ಪ.

ಬಸ್ಸಮ್ಮ ತಲೆ ಎತ್ತಲಿಲ್ಲ. ಎತ್ತಿದರೆ ಆ ದನಿ ಮತ್ತೆ ಒಳಗೆ ಹೋದೀತೆಂದು, “ಹದಿನೇಳರಿಂದ ನೋಡ್ಲೇನ್ರಿ?” ಎಂದಳು.

ಅಲ್ಲಿಂದ ದಿನವೂ ಸಂಜೆ ಮುಂದಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೆರಡು ಭಾಗಾಕಾರ. ನಡುನಡುವೆ ಮಾತೂ ಬಂತು: ಜೋಳದ ಹಿಟ್ಟು ಮುಗಿದದ್ದು, ರಾಯಚೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದು. ನೂರ ಒಂದರಿಂದ ಭಾಗಿಸಿದ ದಿನ ಅವನು ಬಳಪ ಕೆಳಗಿಟ್ಟು, “ಕೂಸಿನ ಮೂಗು ನಿನ್ನಂಗ ಇತ್ತು,” ಎಂದ. “ಕಣ್ಣು ನಿಮ್ಮವ್ವನವು,” ಎಂದಳು. ಅಂದು ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತರು.

“ಎಲ್ಲಿ ತನಕ ಮಾಡ್ಬೇಕ್ರೀ ಇದನ್ನ?” ಎಂದು ಒಮ್ಮೆ ಕೇಳಿದ್ದಳು.

“ಸಾವಿರ ದಾಟೋ ತನಕ, ಇದರ ವರ್ಗಮೂಲ ಅಲ್ಲೇ ಬರ್ತದ. ನಡುವ ಎಲ್ಲ್ಯರ ಶೇಷ ಸೊನ್ನಿ ಬಂತಂದ್ರ ಅಲ್ಲಿಗೇ ಮುಗೀತು. ಅವಿಭಾಜ್ಯ ಅಲ್ಲ ಅಂತ ಗೊತ್ತಾತಲ್ಲ, ಮತ್ತೇನದ ಮಾಡೋದು?”

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಪ್ರತಿ ಸಲ ಏನಾದರೂ ಉಳಿದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಇನ್ನೂರ ಮೂವತ್ತೊಂಬತ್ತರ ಸಂಜೆ ಕೊನೆಯ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಮೇಲೆ ಎರಡು ಸಾವಿರದ ನೂರ ಐವತ್ತೊಂದು, ಕಳೆಯಬೇಕಾದದ್ದೂ ಅಷ್ಟೇ. ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಗಂಡ ಆ ಲೆಕ್ಕವನ್ನು ಬಾಯಲ್ಲೇ ಗುಣಿಸುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಆ ಗುಣಾಕಾರವೂ ಅದೇ ಅಂಕಿಗೆ ಬಂದು ನಿಂತಿತು. ಬಸ್ಸಮ್ಮ ಅಂಗೈಯಿಂದ ಆ ಸಾಲನ್ನು ಒರೆಸಿಬಿಟ್ಟಳು.

“ಹೋಗಲಿಲ್ರೀ. ಉಳೀತು.”

“ಎಷ್ಟು?”

“ಎರಡು.”

ಕನಕಪ್ಪ ಅವಳ ಬಿಳಿಯಾದ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಮುಂದಿಂದು ಇನ್ನೂರಾ ನಲವತ್ತೊಂದು,” ಎಂದ. “ನಾಳಿ ನಾ ಭಾಗಸ್ತೀನಿ, ನೀ ನೋಡು.”