ಎಂಬತ್ತನಾಲ್ಕನೆಯ ಪುಟ

ನಿವೃತ್ತಿಗೆ ಹತ್ತೊಂಬತ್ತು ದಿನವಿದ್ದಾಗ ರಷ್ಯನ್ ಸಾಹಿತ್ಯದ ಪ್ರಾಧ್ಯಾಪಕಿ ತಮ್ಮ ಕೊನೆಯ ಸಂಶೋಧನಾ ವಿದ್ಯಾರ್ಥಿನಿಯ ಪ್ರಬಂಧವನ್ನು ಓದಲು ಕೂತರು. ಹತ್ತನೆಯ ಪುಟಕ್ಕೇ ಗುರುತು ಸಿಕ್ಕಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಅವರಿಗೇ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧ ಅದು. ಸಿಟ್ಟು ಬರಬೇಕಿತ್ತು, ಬಂದದ್ದು ಸುಸ್ತು. ಹುಡುಗಿಯನ್ನು ಕರೆಸಿದರು.

“ನನ್ನದನ್ನೇ ಕದ್ದು ನನ್ನ ಸಹಿಗೇ ತಂದಿದೀಯಲ್ಲಮ್ಮ?”

“ನೀವು ಓದ್ತೀರಿ ಅಂದ್ಕೊಂಡಿರ್ಲಿಲ್ಲ, ಮೇಡಂ. ಗೈಡುಗಳು ಯಾರೂ ಓದಲ್ವಂತೆ, ಸುಮ್ನೆ ಸಹಿ ಹಾಕ್ತಾರಂತೆ.”

“ನಿನ್ನ ನೋಂದಣಿ ರದ್ದು ಮಾಡಿ ಅಂತ ಬರೀತಿದೀನಿ.” ಅವರು ಪೆನ್ನು ತೆಗೆದರು. “ಎಲ್ಲಾ ನನ್ನದೇ. ಎಂಬತ್ತನಾಲ್ಕನೇ ಪುಟದ ಒಂದು ಸಾಲು ಮಾತ್ರ ಯಾಕೆ ಬದಲಾಯಿಸಿದೆ?”

ಹುಡುಗಿ ತಲೆ ತಗ್ಗಿಸಿದಳು.

“ಕಾದಂಬರಿಯ ನಾಯಕ ನಾಯಕಿಗೆ ಎರಡು ಹೂ ತಂದಿದ್ದು ಪ್ರೀತಿಯ ಗುರುತು ಅಂತ ಬರ್ದಿದ್ರಿ. ರಷ್ಯದಲ್ಲಿ ಪ್ರೀತಿಗೆ ಒಂದೋ ಮೂರೋ ಹೂ ಕೊಡ್ತಾರೆ, ಮೇಡಂ. ಎರಡು ಇಡೋದು ಹೆಣಕ್ಕೆ.”

ಮೂವರು ಪರೀಕ್ಷಕರು ಹೊಗಳಿ ಪಾಸು ಮಾಡಿದ್ದ ಅಧ್ಯಾಯವದು. ಅದನ್ನೇ ಅವರು ಇಷ್ಟು ವರ್ಷ ಪಾಠ ಮಾಡಿದ್ದರು.

ಪ್ರಾಧ್ಯಾಪಕಿ ಪೆನ್ನಿಗೆ ಮುಚ್ಚಳ ಹಾಕಿ ಎದುರಿನ ಕುರ್ಚಿ ತೋರಿಸಿದರು.

“ಕೂತ್ಕೋ. ಇನ್ನೂ ಎಲ್ಲೆಲ್ಲಿ ತಪ್ಪಿದೆ, ಹೇಳು.”