ಕೋಡಿ ಹಳ್ಳದ ಮೊದಲ ಮೀನು

ಮೀನು ಹಂಸಳ ಎರಡೂ ಅಂಗೈಗಳ ನಡುವೆ ಸಿಕ್ಕಿಬಿಟ್ಟಿತ್ತು. ಮೊಣಕಾಲುದ್ದದ ನೀರಿಗೆ ಅಡ್ಡವಾಗಿ ಹಿಡಿದ ಹಳೇ ಸೀರೆಯ ಒಂದು ತುದಿಯಲ್ಲಿ ಅತ್ತೆ ಆಂಜನಮ್ಮ, ಇನ್ನೊಂದು ತುದಿಯಲ್ಲಿ ನಾದಿನಿ ರಮ್ಯ ನಿಂತಿದ್ದರು. ದಡದ ಮೇಲಿದ್ದ ಬುಟ್ಟಿಗೆ ಐದೇ ಹೆಜ್ಜೆ.

ನಾಲ್ಕು ವರ್ಷದ ಮೇಲೆ ಮಹದೇವಪುರದ ಕೆರೆ ತುಂಬಿ ಕೋಡಿ ಬಿದ್ದು, ಉಕ್ಕಿದ ನೀರು ಈ ಹಳ್ಳಕ್ಕೆ ಹರಿದಿತ್ತು. ಕೋಡಿ ಹರಿದ ವರ್ಷ ಮನೆಯ ಹೊಸ ಸೊಸೆ ಕೈಯಾರೆ ಹಿಡಿದ ಮೀನೇ ಮೊದಲು ಒಲೆ ಏರಬೇಕೆಂಬುದು ಮನೆಯ ಪದ್ಧತಿ. ಅಲ್ಲಿಯವರೆಗೆ ಮನೆಯವರು ಯಾರೂ ಹಳ್ಳಕ್ಕೆ ಗಾಳ ಹಾಕುವಂತಿಲ್ಲ. ಆಂಜನಮ್ಮನೂ ಹಾಗೇ ಹಿಡಿದಿದ್ದರು, ಅವರ ಅತ್ತೆಯೂ.

ಮದುವೆಯಾಗಿ ನಾಲ್ಕು ತಿಂಗಳಾದರೂ ಆಂಜನಮ್ಮ ಸೊಸೆಯನ್ನು ಹೆಸರು ಹಿಡಿದು ಕರೆದಿರಲಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬೆಳೆದವಳೆಂದು 'ಮಾರ್ಕೆಟ್ ಹುಡುಗಿ' ಎನ್ನುತ್ತಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಆದರೂ ಪ್ರತಿ ಸಲ ಹಂಸಳಿಗೆ ತಾನಿನ್ನೂ ಹೊಸ್ತಿಲಾಚೆಯೇ ನಿಂತ ಹಾಗೆ ಅನ್ನಿಸುತ್ತಿತ್ತು. ಇವತ್ತು ಮಧ್ಯಾಹ್ನದ ಊಟಕ್ಕೆ ಅವಳ ಅಪ್ಪ ಮೊದಲ ಬಾರಿಗೆ ಬರುವವರಿದ್ದರು. ಮೀನು ಹಿಡಿದರೆ ಅತ್ತೆ ಹೆಸರು ಹಿಡಿದು ಕರೆದಾರು, ಅಪ್ಪನ ಕಿವಿಗೆ ಆ ಅಡ್ಡಹೆಸರು ಬೀಳದು ಎಂದು ಬೆಳಗಿನಿಂದ ನೀರಿನಲ್ಲೇ ಇದ್ದಳು. ಆಗಲೇ ಎರಡು ಮೀನು ಬೆರಳ ಸಂದಿಯಿಂದ ಜಾರಿಹೋಗಿದ್ದವು.

ಮೂರನೆಯದು ಕೈಯಲ್ಲಿ ಗಟ್ಟಿಯಾಗಿತ್ತು. ಹಂಸ ಅದನ್ನು ಮೇಲೆತ್ತಿದಳು. ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಕಿವಿರನ್ನು ಬಿಡಿಸಿ ಒಳಗೆ ಇಣುಕಿದಳು. ಮೀನು ಒಂದೇ ಸಲ ಬಾಲ ಬಡಿಯಿತು. ಮುಖಕ್ಕೆ ಎರಚಿದ ನೀರಷ್ಟೇ ಅವಳಿಗೆ ಉಳಿಯಿತು.

ರಮ್ಯ ನಗುತ್ತಾ ಸೀರೆಯ ತುದಿಯನ್ನೇ ಬಿಟ್ಟುಬಿಟ್ಟಳು.

"ಏನಮ್ಮ ಮಾಡ್ದೆ ಅದನ್ನ?" ಎಂದರು ಆಂಜನಮ್ಮ.

ಹಂಸ ತಲೆತಗ್ಗಿಸಿ ಹೇಳಿದಳು. ಚಿಕ್ಕಂದಿನಲ್ಲಿ ಅಪ್ಪ ಮೀನಿನಂಗಡಿ ಸಾಲಿಗೆ ಕರೆದೊಯ್ದು ಕಲಿಸಿದ್ದರಂತೆ: ಕಿವಿರು ಬಿಡಿಸಿ ನೋಡದೆ ಮೀನನ್ನು ಚೀಲಕ್ಕೆ ಹಾಕಬಾರದು; ಕೆಂಪಗಿದ್ದರೆ ತಾಜಾ, ಕಂದಿದ್ದರೆ ಮುಂದಿನ ಅಂಗಡಿ. ಕೈಗೆ ಮೀನು ಬಂದರೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

"ಅತ್ತಿಗೆ, ನೀರಲ್ಲಿ ಓಡಾಡ್ತಿರೋದು ತಾಜಾ ಇಲ್ದೆ ಇನ್ನೇನು?" ರಮ್ಯಳಿಗೆ ನಗು ನಿಲ್ಲಲಿಲ್ಲ.

ಹಿಡಿದದ್ದಂತೂ ಹೌದಲ್ಲ, ಲೆಕ್ಕಕ್ಕೆ ಬರುವುದಿಲ್ಲವೇ ಎಂದು ಹಂಸ ಕೇಳಿ ನೋಡಿದಳು. ಒಲೆ ಏರದ ಮೀನು ಹಿಡಿದ ಹಾಗಲ್ಲ ಎಂದು ಆಂಜನಮ್ಮ ತೀರ್ಮಾನ ಕೊಟ್ಟರು. ರಿಂಗ್ ರೋಡಿಗೆಂದು ಸುರಿದಿದ್ದ ಜಲ್ಲಿಯ ರಾಶಿಯ ಮೇಲೆ ಬಿಸಿಲು ಏರುತ್ತಿತ್ತು. ಅಪ್ಪ ಆಗಲೇ ಶಿವಾಜಿನಗರದಲ್ಲಿ ಬಸ್ಸು ಹತ್ತಿರಬೇಕು. ಸೀರೆ ಮತ್ತೆ ನೀರಿಗಿಳಿಯಿತು.

ಈ ಸಲ ಸಿಕ್ಕಿದ್ದು ಅಂಗೈಗಿಂತ ದೊಡ್ಡ ಗೆಂಡೆ ಮೀನು. ಹಂಸ ಅದರ ಮುಖವನ್ನೂ ನೋಡಲಿಲ್ಲ. ಹೊಟ್ಟೆಗೆ ಅವಚಿಕೊಂಡು, ಜಾರುತ್ತಾ ಏಳುತ್ತಾ ದಡ ಹತ್ತಿ ಬುಟ್ಟಿಗೆ ಹಾಕಿ, ಪಕ್ಕದಲ್ಲೇ ಕುಸಿದು ಕೂತಳು. ಉಟ್ಟಿದ್ದ ಹೊಸ ಸೀರೆಯ ತುಂಬ ಕೆಸರು.

ಆಂಜನಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. "ಐವತ್ತು ವರ್ಷದಿಂದ ಮೀನು ಹಿಡೀತಿದೀನಿ, ಒಂದಿನಾನೂ ಕಿವಿರು ಬಿಡಿಸಿ ನೋಡ್ದೋಳಲ್ಲ. ಎಲ್ಲಿ ಅದು ಕೆಂಪಗಿರೋದು?" ಎನ್ನುತ್ತಾ ಬುಟ್ಟಿಯಿಂದ ಮೀನನ್ನು ಎತ್ತಿಕೊಂಡು ಹೆಬ್ಬೆರಳು ತೂರಿಸಿದರು.

ಗೆಂಡೆ ಚಿಮ್ಮಿ ಹುಲ್ಲಿನ ಮೇಲೆ ಬಿತ್ತು. ಅಲ್ಲಿಂದ ಇನ್ನೊಂದು ಸಲ ಚಿಮ್ಮಿ ಹಳ್ಳ ಸೇರಿತು.

ಕೂತಿದ್ದ ಹಂಸ ಎದ್ದು ನಿಂತಳು. ರಮ್ಯ ಕೂಡ ನಗಲಿಲ್ಲ. ಹಂಸ ಅತ್ತೆಯ ಬರಿಗೈ ನೋಡಿದಳು, ಮುಖ ನೋಡಿದಳು. ಅಳು ಬರುತ್ತದೆಂದುಕೊಂಡಿದ್ದ ಕಡೆ ನಗು ಬಂದಿತ್ತು.

"ಕೆಂಪಗಿತ್ತಾ ಅತ್ತೆ?"

"ಕೆಂಪಗೇ ಇತ್ತು ಕಣೆ." ಆಂಜನಮ್ಮ ಸೆರಗು ಸಿಕ್ಕಿಸಿಕೊಂಡು ಮತ್ತೆ ಹಳ್ಳಕ್ಕೆ ಇಳಿದರು. "ರಮ್ಯ, ಆ ಕಡೆ ಹಿಡ್ಕೋ. ನಮ್ ಹಂಸ ಇನ್ನೊಂದ್ ಹಿಡೀತಾಳೆ. ಬುಟ್ಟಿ ಹತ್ರ ಮಾತ್ರ ನನ್ನ ಬಿಡ್ಬೇಡಿ."