ಚಪಾತಿ ಮಣೆಯ ದೀಪ

ಮರದ ಅಚ್ಚನ್ನು ನಲ್ಲಿಯ ಕೆಳಗೆ ಹಿಡಿದು, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಬೇಕು... ಗೆರೆಗಳ ನಡುವಿನ ಬಣ್ಣವೆಲ್ಲ ಹೋಗುವವರೆಗೆ.

ಮಾತಿಲ್ಲದ ಕೆಲಸ. ಅದಕ್ಕೇ ನನಗೆ ಇಷ್ಟ.

ನಂಜನಗೂಡಿನ ದೊರೆಸ್ವಾಮಿ ಮೇಷ್ಟ್ರು ಮರದ ಹಲಗೆಯ ಮೇಲೆ ಚಿತ್ರ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಅಚ್ಚು ಹಾಕುತ್ತಾರೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವರ ಅಚ್ಚುಗಳನ್ನು ತೊಳೆಯುತ್ತೇನೆ. ನೋಡಿ ನೋಡಿಯೇ ಸ್ವಲ್ಪ ಕೆತ್ತುವುದನ್ನೂ ಕಲಿತೆ.

ಈ ವರ್ಷ ಮೇಷ್ಟ್ರು ನನ್ನನ್ನು ತಮ್ಮ ವಾಟ್ಸಾಪ್ ಬಳಗಕ್ಕೆ ಸೇರಿಸಿದರು. ಬೇರೆ ಬೇರೆ ಊರಿನ ಹನ್ನೊಂದು ಜನ ಅಚ್ಚಿನವರು... ನಾನು ಹನ್ನೆರಡನೆಯವಳು.

ಅಲ್ಲಿ ಒಂದು ಪದ್ಧತಿ ಇದೆ. ಮರವೋ ಕಾಗದವೋ ಮಿಕ್ಕಿದ್ದರೆ ಇಲ್ಲದವರಿಗೆ ಕಳಿಸುವುದು. ದೀಪಾವಳಿಗೆ ತಾವೇ ಅಚ್ಚು ಹಾಕಿದ ಶುಭಾಶಯದ ಕಾರ್ಡನ್ನು ಎಲ್ಲರಿಗೂ ಅಂಚೆಯಲ್ಲಿ ಕಳಿಸುವುದು.

ಕಳಿಸದಿದ್ದರೆ ಮುಂದಿನ ವರ್ಷದ ವಿಳಾಸ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಹಬ್ಬಕ್ಕೆ ತಿಂಗಳಿರುವಾಗಲೇ ಮೊದಲ ಕಾರ್ಡ್ ಬಂತು. ಆ ದಿನ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಕೂಗಿದರು. "ಕುಮಾರಿ ನೀಲಾಂಬಿಕೆ ಯಾರಮ್ಮಾ?"

"ಅಂಥೋರು ಇಲ್ಲಿಲ್ಲ ಕಣಪ್ಪ" ಎಂದುಬಿಟ್ಟಳು ಅಜ್ಜಿ.

ಮನೆಯಲ್ಲಿ ಎಲ್ಲರಿಗೂ ನಾನು ಪಾಪು. ನನ್ನ ಪೂರ್ತಿ ಹೆಸರು ಅಜ್ಜಿಗೂ ಮರೆತಿತ್ತು...

ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಎರಡು ದಿನ ಲಕೋಟೆ ಒಡೆಯಲಿಲ್ಲ. ಬರೀ ಹೆಸರು ಓದುತ್ತಿದ್ದೆ.

ಮುಂದಿನ ವರ್ಷವೂ ಹೀಗೆ ಬರಬೇಕು... ಅದಕ್ಕೆ ಈ ವರ್ಷ ನನ್ನ ಕಾರ್ಡ್ ಹೋಗಲೇಬೇಕು.

ಧಾರವಾಡದ ಹಡಪದ ಸರ್ ಒಂದು ಹಲಗೆ ಕಳಿಸಿಕೊಟ್ಟರು. ಮಂಗಳೂರಿನ ಫ್ಲೇವಿಯಾ ಟೀಚರ್ ಹದಿನೈದು ಹಾಳೆ ಕಾಗದ ಕಳಿಸಿಕೊಟ್ಟರು. ಆಮೇಲೆ ಸಲಹೆಗಳು ಬಂದವು.

"ಎಣ್ಣಿ ಹಚ್ಚವಾ ತಂಗಿ... ಎಣ್ಣಿ ಕುಡದ ಕಟಿಗಿ ಹೇಳಿದ ಮಾತು ಕೇಳ್ತದ" ಎಂದರು ಹಡಪದ ಸರ್.

"ಎಣ್ಣೆ ಗಿಣ್ಣೆ ಎಲ್ಲ ಬೇಡ ಮಾರಾಯ್ತಿ! ನೀರಲ್ಲಿ ನೆನೆಸಿಡು. ಮತ್ತೆ ಬೆಣ್ಣೆ ಹಾಗೆ ಕೆತ್ಲಿಕ್ಕೆ ಬರ್ತದೆ."

ಇತ್ತ ಮೇಷ್ಟ್ರು, "ಅವರ ಮಾತು ಬಿಡಮ್ಮ, ಬಿಸಿಲಿಗಿಡು" ಎಂದರು.

ಯಾರಿಗೂ 'ಇಲ್ಲ' ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಹಾಗಾಗಿ ಎಲ್ಲವನ್ನೂ ಮಾಡಿದೆ. ಎಣ್ಣೆ ಹಚ್ಚಿದೆ... ನೆನೆಸಿದೆ... ತಾರಸಿಯ ಮೇಲೆ ಬಿಸಿಲಿಗಿಟ್ಟೆ.

ಮೂರನೇ ದಿನ ಹಲಗೆ ಹಪ್ಪಳದಂತೆ ಎರಡೂ ಕಡೆ ಮೇಲೆದ್ದಿತ್ತು.

ಅಜ್ಜಿ ಅದನ್ನು ನೆಲಕ್ಕಿಟ್ಟು ತೂಗಿದಳು. "ಏನೇ ಇದು, ತೊಟ್ಟಿಲು ಮಾಡಿದ್ಯಾ?"

ಹಬ್ಬಕ್ಕೆ ಒಂದೇ ವಾರ. ಇನ್ನೊಂದು ಹಲಗೆ ಕೊಡಿ ಎಂದು ಕೇಳಲು ನಾಚಿಕೆ. ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ... ಎದುರಿಗೆ ಗೋಡೆಗೆ ಒರಗಿ ಅಜ್ಜಿಯ ಚಪಾತಿ ಮಣೆ. ಗಟ್ಟಿ ಮರ. ನುಣ್ಣನೆಯ ಮೈ. ಚೂರೂ ಬಾಗಿಲ್ಲ.

ಅಜ್ಜಿ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಕೆತ್ತಲು ಕೂತೆ. ಒಂದು ಹೊಸ್ತಿಲು, ಅದರ ಮೇಲೊಂದು ದೀಪ.

ತಿರುಗಿ ಬಂದ ಅಜ್ಜಿ ಬಾಗಿಲಲ್ಲೇ ನಿಂತಳು. "ಅಯ್ಯೋ ನನ್ನ ಮಣೆ! ಇನ್ಮೇಲೆ ಚಪಾತಿ ಮೇಲೆಲ್ಲ ದೀಪ ಮೂಡ್ತದಲ್ಲೇ!"

ಬಣ್ಣ ಹಚ್ಚಿ ಅಚ್ಚು ಹಾಕಿದೆ. ಸುತ್ತಲೂ ಕಡುನೀಲಿ ಚೆನ್ನಾಗಿ ಹಿಡಿಯಿತು. ನಡುವೆ ಮಾತ್ರ, ದೀಪದ ಸುತ್ತ, ಹಿಡಿಯಲೇ ಇಲ್ಲ. ಎಷ್ಟೋ ವರ್ಷ ಎಣ್ಣೆ ಕುಡಿದ ಜಾಗ... ನೀರಿನ ಬಣ್ಣವನ್ನು ಹತ್ತಿರಕ್ಕೆ ಸೇರಿಸಲಿಲ್ಲ.

ಕಾಗದವೆಲ್ಲ ಮುಗಿಯಿತು. ಎಲ್ಲದರಲ್ಲೂ ನಡುವೆ ಬೋಳು. ನನಗೆ ಅಳು ಬಂತು.

ಅಜ್ಜಿ ಒಂದನ್ನು ದೂರ ಹಿಡಿದು ನೋಡಿದಳು. "ದೀಪ ಹಚ್ಚಿದ ಮೇಲೆ ಬೆಳಕಾಗಬೇಡ್ವಾ? ಆಗಿದೆ. ಕಳಿಸು."

ಕಳಿಸಿದೆ.

ಹಬ್ಬದ ದಿನ ಬಳಗದಲ್ಲಿ ಗದ್ದಲವೋ ಗದ್ದಲ.

"ಏನ್ ಬೆಳಕ ತಂದೀಯವಾ! ನಾ ಹೇಳಿದ ಎಣ್ಣಿ ಕೆಲಸ ಅದು!"

"ಎಣ್ಣೆ ಅಲ್ಲ ಸರ್, ನಾನು ನೆನೆಸ್ಲಿಕ್ಕೆ ಹೇಳಿದ್ದು!"

ಮೇಷ್ಟ್ರು "ನಮ್ಮ ಹುಡುಗಿ!" ಎಂದು ಬರೆದು, "ಯಾವ ವಿಧಾನ ಅಂತ ಎಲ್ಲರಿಗೂ ತಿಳಿಸಮ್ಮ" ಎಂದರು.

ಟೈಪ್ ಮಾಡಿದೆ... ಅಳಿಸಿದೆ... ಮತ್ತೆ ಟೈಪ್ ಮಾಡಿದೆ. ನಿಜ ಹೇಳಿದರೆ ನಗುತ್ತಾರೆ. ಮುಂದಿನ ವರ್ಷ ಆ ಲಕೋಟೆಗಳು ಬಾರದೆ ಹೋಗಬಹುದು. ಸುಮ್ಮನಿದ್ದರೆ ಯಾರಿಗೂ ತಿಳಿಯದು.

ಆದರೆ ನಾಳೆ ಯಾರಾದರೂ ಎಣ್ಣೆ, ನೀರು ಎಂದು ಇದನ್ನೇ ಮಾಡಲು ಹೋಗಿ, ಹಲಗೆ ಹಾಳು ಮಾಡಿಕೊಂಡರೆ?

ಕಳಿಸಿಯೇಬಿಟ್ಟೆ. "ಹಲಗೆ ಬಾಗಿಹೋಯ್ತು. ಎಲ್ಲರ ಸಲಹೆಯನ್ನೂ ಒಟ್ಟಿಗೆ ಮಾಡಿದ್ದೆ. ಇದು ಚಪಾತಿ ಮಣೆ. ನಡುವಿನ ಬೆಳಕು ಎಣ್ಣೆ ಜಿಡ್ಡು. ನನಗೆ ಯಾವ ವಿಧಾನವೂ ಗೊತ್ತಿಲ್ಲ. ಕ್ಷಮಿಸಿ."

ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಆಮೇಲೆ ಅದು ಗುಂಯ್ ಎಂದಿತು. ಹಡಪದ ಸರ್.

"ತಂಗೀ, ಹೋದ ಕ್ರಿಸ್‌ಮಸ್‌ಗೂ ನಾ ಎಲ್ಲಾರಿಗೂ ನಾಯಿ ಕಾರ್ಡ್ ಕಳಿಸಿದ್ನಲ್ಲಾ... ಅದು ಕುರಿಮರಿ ಇತ್ತು. ಕೆತ್ತೂವಾಗ ಕಿವಿ ಮುರೀತು."

"ದೇವರೇ! ನಾನದನ್ನು ನಾಯಿ ಅಂತ ಫ್ರೇಮ್ ಹಾಕಿಸಿದ್ದೇನೆ" ಎಂದರು ಫ್ಲೇವಿಯಾ ಟೀಚರ್. "ಮತ್ತೆ ನನ್ನ ಆ ಮಂಜಿನ ಬೆಟ್ಟ ಉಂಟಲ್ಲ... ಆ ಮಂಜೆಲ್ಲ ಚಹಾ ಚೆಲ್ಲಿದ್ದು."

ಕೊನೆಗೆ ಮೇಷ್ಟ್ರು. "ನನ್ನ ಹುಣ್ಣಿಮೆ ಚಂದ್ರ ಹುಳು ಕೊರೆದ ತೂತು. ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ."

ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ... ನಗುತ್ತಾ ನಗುತ್ತಾ ಕಣ್ಣು ತುಂಬಿ ಬಂತು.

ಸಂಜೆ ಹೊಸ ವಿಳಾಸ ಪಟ್ಟಿ ಬಂತು. ಹನ್ನೆರಡನೆಯ ಸಾಲಿನಲ್ಲಿ ಕುಮಾರಿ ನೀಲಾಂಬಿಕೆ, ನಂಜನಗೂಡು.

ಸಲಹೆ ಕೊಡುವವರಿಂದ ಕೆಲಸ ಕಲಿಯುತ್ತೇವೆ... ತಮ್ಮ ತಪ್ಪು ಹೇಳಿಕೊಳ್ಳುವವರಿಂದ ಧೈರ್ಯ ಕಲಿಯುತ್ತೇವೆ.

ಚೆಂದ ಎಂದು ಎಲ್ಲರೂ ಹೊಗಳಿದ ನಿಮ್ಮ ಯಾವ ಕೆಲಸದ ಹಿಂದೆ ಒಂದು ತಪ್ಪು ಅಡಗಿದೆ? ಅದನ್ನು ಯಾರಿಗಾದರೂ ಹೇಳಿದ್ದೀರಾ?

ಇನ್ನೊಂದು ಮಾತು... ಅಜ್ಜಿ ಈಗ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಚಪಾತಿ ಲಟ್ಟಿಸುತ್ತಿದ್ದಾಳೆ. ಅದು ಜಾರುತ್ತದೆ, ಅವಳು ಬೈಯುತ್ತಾಳೆ. ನಾನು ಬಳಗದಲ್ಲಿ ಹೀಗೆ ಬರೆದು ನಾಲ್ಕು ದಿನವಾಯಿತು. ಹನ್ನೊಂದು ಜನವೂ ಓದಿದ್ದಾರೆ, ಮಣೆ ಮಾತ್ರ ಇನ್ನೂ ಬಂದಿಲ್ಲ.

"ಯಾರ ಹತ್ತಿರವಾದರೂ ಒಂದು ಚಪಾತಿ ಮಣೆ ಮಿಕ್ಕಿದ್ದರೆ ದಯವಿಟ್ಟು ಕಳಿಸಿಕೊಡಿ."